ಹೆಸರು ಬಿದ್ದ ಓಟು

ಓಟು ಹಾಕಿ ಶಾಲೆಯ ಅಂಗಳಕ್ಕೆ ಇಳಿದ ಮೇಲೆ ಬೀಲಿಯೆನ್‌ಗೆ ಅನುಮಾನ ಹುಟ್ಟಿತು.

ಕೈ ತಾನಾಗಿ ಜಾಕೀಟಿನ ಜೇಬಿಗೆ ಹೋಗಿತ್ತು. ಅಲ್ಲಿ ಅವಳ ಹೆಸರಿನ ಮುದ್ರೆ ಇತ್ತು. ಕಿರುಬೆರಳಿಗಿಂತ ಚಿಕ್ಕದಾದ ಮರದ ತುಂಡು, ತುದಿಯಲ್ಲಿ ಕೆತ್ತಿದ ಮೂರು ಅಕ್ಷರ: ತ್ಸೈ ಬೀ ಲಿಯೆನ್. ಮದುವೆಗೆ ಮುಂಚೆ ಅಪ್ಪ ಮಾಡಿಸಿಕೊಟ್ಟದ್ದು. ಮತಗಟ್ಟೆಯ ಮೇಜಿನ ಮುಂದೆ ಪಟ್ಟಿಯಲ್ಲಿ ತನ್ನ ಹೆಸರಿನ ಎದುರು ಅದನ್ನು ಒತ್ತಿ ಅವಳು ಮತಪತ್ರ ಪಡೆದಿದ್ದಳು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಮರೆಯೊಳಗೆ ಹೋದ ಮೇಲೆ ಅಲ್ಲಿ ಇಟ್ಟಿರುವ ಸರ್ಕಾರದ ಮುದ್ರೆಯನ್ನೇ ಮತಪತ್ರದ ಮೇಲೆ ಒತ್ತಬೇಕು. ಒತ್ತಿದ್ದು ಅವಳಿಗೆ ನೆನಪಿತ್ತು. ಯಾವುದನ್ನು ಒತ್ತಿದೆ ಎನ್ನುವುದು ನೆನಪಿರಲಿಲ್ಲ.

ಬೆಳಗ್ಗೆಯಿಂದ ಚಿಪ್ಪು ಒಡೆದು ಸಿಂಪಿಯ ಮಾಂಸ ಬಿಡಿಸಿದ ಬೆರಳುಗಳು ಚಳಿಗೆ ಮರಗಟ್ಟಿದ್ದವು. ಕನ್ನಡಕ ಕೆಲಸದ ಶೆಡ್ಡಿನಲ್ಲೇ ಉಳಿದಿತ್ತು. ಮರೆಯೊಳಗೆ ನಿಂತಾಗ ಎಡಗೈಯಲ್ಲಿ ಮತಪತ್ರ, ಬಲಗೈಯಲ್ಲಿ ಇನ್ನೂ ತನ್ನ ಮುದ್ರೆ. ಸರ್ಕಾರದ್ದೂ ಅದೇ ಗಾತ್ರದ ಕಡ್ಡಿ, ಅದೇ ಕೆಂಪು ಶಾಯಿ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡದ್ದು ಹೌದು. ಅಷ್ಟರಲ್ಲಿ ಪರದೆಯಾಚೆ ಯಾರೋ ಕೆಮ್ಮಿದರು. ಅದು ಓರಗಿತ್ತಿ ಯಿನ್‌ಹುವಾಳ ಕೆಮ್ಮು. ಪಕ್ಷದ ಏಜೆಂಟಾಗಿ ಅವಳು ಒಳಗೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಆ ಕೆಮ್ಮಿಗೆ ಬೀಲಿಯೆನ್ ಬೆಚ್ಚಿ, ಕೈಗೆ ಸಿಕ್ಕಿದ್ದನ್ನು ಒತ್ತಿ, ಕಾಗದವನ್ನು ಮಡಿಸಿ, ಪೆಟ್ಟಿಗೆಗೆ ಹಾಕಿ ಹೊರಗೆ ಬಂದಿದ್ದಳು.

ಜೇಬಿನಿಂದ ಮುದ್ರೆ ತೆಗೆದು ಅದರ ಮುಖ ನೋಡಿದಳು. ಕೆಂಪಗಿತ್ತು. ಪಟ್ಟಿಗೆ ಒತ್ತಿದ ಮೇಲೆ ಕೆಂಪಗಿರಲೇಬೇಕು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ಆಯ್ತಾ?" ಧ್ವಜಸ್ತಂಭದ ಕೆಳಗೆ ಕಾಯುತ್ತಿದ್ದ ಗಂಡ ಜಿನ್‌ತು ಸಿಗರೇಟು ಆರಿಸುತ್ತ ಕೇಳಿದ.

"ಆಯ್ತು."

"ಮುಖ ಯಾಕೆ ಹಿಂಗಾಗಿದೆ?"

"ಗಾಳಿ."

ಅವನು ಅವಳ ಕೈಯಲ್ಲಿದ್ದ ಮುದ್ರೆಯನ್ನು ನೋಡಿದ. ಅವಳು ಮುಷ್ಟಿ ಮುಚ್ಚಿದಳು. ಇಬ್ಬರೂ ಸ್ಕೂಟರಿನತ್ತ ನಡೆದರು.

ಶಿಯಾಪು ಊರಿನಲ್ಲಿ ದೇಶದ ಅಧ್ಯಕ್ಷರ ಚುನಾವಣೆ ಬಂದರೆ ಯಾರಿಗೆ ಓಟು ಎಂದು ಯಾರೂ ಕೇಳುವುದಿಲ್ಲ. ಸ್ಪರ್ಧೆಗೆ ನಿಂತವರು ಇಬ್ಬರು. ಊರು ಎರಡನೇ ನಂಬರಿನವನ ಕಡೆ. ಊರಿನ ಮುಖ್ಯಸ್ಥ ಲಿನ್ ಶುಯಿವಾಂಗ್ ಎರಡನೇ ನಂಬರಿನವನ ಕಡೆ ಇರುವುದರಿಂದ ಊರು ಆ ಕಡೆ ಇದೆಯೋ, ಊರು ಆ ಕಡೆ ಇರುವುದರಿಂದ ಅವನು ಮುಖ್ಯಸ್ಥನೋ, ಈಗ ಬಿಡಿಸಿ ಹೇಳುವುದು ಕಷ್ಟ. ಶುಯಿವಾಂಗ್ ಜಿನ್‌ತುವಿನ ಅಣ್ಣ, ಬೀಲಿಯೆನ್‌ಗೆ ಭಾವ. ಅವನ ಮೋಟಾರು ತೆಪ್ಪದಲ್ಲೇ ಜಿನ್‌ತು ಸಿಂಪಿ ಬೆಳೆಯುವ ಬಿದಿರಿನ ಸಾಲುಗಳಿಗೆ ಹೋಗಿಬರುವುದು. ಅವನ ಶೆಡ್ಡಿನಲ್ಲೇ ಬೀಲಿಯೆನ್ ಕೂತು ಸಿಂಪಿ ಬಿಡಿಸುವುದು. ಕೆಟ್ಟವನಲ್ಲ ಭಾವ. ಜಿನ್‌ತುವಿನ ಹೊಟ್ಟೆಗೆ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಕಾದವನು ಅವನೇ. ಮನೆಗೆ ಬಂದ ಮೇಲೆ ತಮ್ಮನ ತಲೆ ತೊಳೆದವನೂ ಅವನೇ.

ಹೋದ ಸಲದ ಚುನಾವಣೆಯಲ್ಲಿ ಹೊಕ್ ಎಂಬ ಮುದುಕ ಗುಡಿಯ ಮುಂದೆ ನಿಂತು, ನನ್ನ ಓಟು ಒಂದನೇ ನಂಬರಿಗೆ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ ಅಂದಿದ್ದ. ಯಾರೂ ಏನೂ ಮಾಡಲಿಲ್ಲ. ಅದೇ ಮಳೆಗಾಲದಲ್ಲಿ ಬಿರುಗಾಳಿ ಬರುತ್ತದೆಂದು ಸುದ್ದಿ ಬಂದಾಗ ಊರಿನವರು ಸೇರಿ ಎಲ್ಲರ ತೆಪ್ಪಗಳನ್ನೂ ದಡಕ್ಕೆ ಎಳೆದು ಕಟ್ಟಿದರು. ಹೊಕ್‌ನ ತೆಪ್ಪದ ಹತ್ತಿರ ಯಾರೂ ಹೋಗಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಅವನು ಒಡೆದ ಬಿದಿರು ಹೆಕ್ಕುತ್ತಿದ್ದಾಗಲೂ ಜನ ಅವನಿಗೆ ನಮಸ್ಕಾರ ಹೇಳುತ್ತಲೇ ಹೋದರು. ಮುಂದಿನ ವರ್ಷಕ್ಕೆ ಅವನು ಊರಲ್ಲಿರಲಿಲ್ಲ. ಅಂದು ತೆಪ್ಪ ಎಳೆಯುವ ಹಗ್ಗಕ್ಕೆ ಬೀಲಿಯೆನ್‌ಳೂ ಕೈ ಹಾಕಿದ್ದಳು. ಹೊಕ್‌ನ ತೆಪ್ಪ ಅಲೆಯ ಮೇಲೆ ಏಳುವುದನ್ನೂ ಬೀಳುವುದನ್ನೂ ಎಲ್ಲರ ಜೊತೆ ಅವಳೂ ನೋಡಿದ್ದಳು.

ಈ ಸಲ ಅವಳು ಒತ್ತಿದ್ದು ಒಂದನೇ ನಂಬರಿನ ಮೇಲೆ.

ಹಾಗೇಕೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಅವಳಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಮಗ ಪೋಯೆನ್ ಒಂದು ವರ್ಷದ ಕಡ್ಡಾಯ ಸೈನ್ಯದ ಕೆಲಸಕ್ಕೆಂದು ಗಡಿಯ ಹೊರದ್ವೀಪದಲ್ಲಿದ್ದ. ಒಂದು ಭಾನುವಾರ ಫೋನಿನಲ್ಲಿ, "ಅಮ್ಮ, ಬೂಟಿನೊಳಗೆ ಹೆಸರೂ ರಕ್ತದ ಗುಂಪೂ ಬರ್ಕೊಳ್ಳಿ ಅಂದ್ರು. ನನ್ನ ಬೂಟು ನಾರೋದಕ್ಕೆ ಯಾರೂ ಓದೋಕೆ ಹತ್ರ ಬರಲ್ಲ ಬಿಡು," ಎಂದು ನಕ್ಕ. ಅವಳೂ ನಕ್ಕಳು. ಫೋನು ಇಟ್ಟ ಮೇಲೆ, ಬೂಟಿನೊಳಗೇ ಏಕೆ ಬರೆಯಬೇಕು, ಮುಖ ನೋಡಿದರೆ ಗುರುತು ಸಿಗುವುದಿಲ್ಲವೇ ಎಂದು ಯೋಚಿಸಿದಳು. ಯೋಚನೆ ಒಂದು ಕಡೆ ಹೋಗಿ ನಿಂತಿತು. ಅಲ್ಲಿಂದ ಮುಂದಕ್ಕೆ ಅದನ್ನು ಹೋಗಗೊಡಲಿಲ್ಲ.

ಒಂದನೇ ನಂಬರಿನವನು ಟೀವಿಯಲ್ಲಿ, ಸಮುದ್ರದ ಆಚೆ ದಡದ ಶತ್ರುದೇಶದವರ ಜೊತೆ ಯುದ್ಧಕ್ಕೆ ಮೊದಲು ಮಾತಾಡಿ ನೋಡೋಣ ಅಂದಿದ್ದ. ಊರಿನವರು ಅವನನ್ನು ಶತ್ರುವಿಗೆ ಮಾರಿಕೊಂಡವನು ಅನ್ನುತ್ತಿದ್ದರು. ಇದ್ದರೂ ಇರಬಹುದು. ಅವಳಿಗೆ ಗೊತ್ತಿರಲಿಲ್ಲ. ಅವನು ಗೆದ್ದು, ನಿಜವಾಗಿಯೂ ಎಲ್ಲವನ್ನೂ ಮಾರಿಬಿಟ್ಟರೆ? ಆ ಹೆದರಿಕೆಯೂ ಇತ್ತು. ಎರಡು ಹೆದರಿಕೆಗಳಲ್ಲಿ ಒಂದನ್ನು ಆರಿಸಿಕೊಂಡಿದ್ದಳು, ಅಷ್ಟೇ. ಆರಿಸಿಕೊಳ್ಳುವಾಗ ತನ್ನದೇ ಹೆಸರನ್ನು ಅದರ ಮೇಲೆ ಒತ್ತಿಬಿಟ್ಟಿದ್ದರೆ ಎನ್ನುವುದು ಮೂರನೆಯ ಹೆದರಿಕೆ. ಈಗ ಅದೊಂದೇ ಉಳಿದು ಮಿಕ್ಕೆರಡನ್ನೂ ನುಂಗಿತ್ತು.

ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳ್ಳುಮಣೆಗಳ ಮೇಲೆ ಕೂತು ಸಿಂಪಿ ಬಿಡಿಸುತ್ತಿದ್ದರು. ಎಲ್ಲರಿಗಿಂತ ಹಿರಿಯಳು ಚಿಯಾವೊ ಅತ್ತೆ. ಊರಿಗೆಲ್ಲ ಅವಳು ಅತ್ತೆಯೇ.

"ಬೀಲಿಯೆನ್, ಎರಡಕ್ಕೆ ತಾನೇ ಒತ್ತಿದ್ದು? ಕೈ ನಡುಗಿ ಪಕ್ಕಕ್ಕೆ ಹೋಗ್ಲಿಲ್ಲ ತಾನೇ?"

"ನನ್ನ ಕೈ ನಡುಗಲ್ಲ ಅತ್ತೆ. ನಿಮ್ಮ ಹಲ್ಲು ನಡುಗೋದು."

ಎಲ್ಲರೂ ನಕ್ಕರು. ಇಷ್ಟು ಸಲೀಸಾಗಿ ಉತ್ತರ ಬಂದದ್ದು ಬೀಲಿಯೆನ್‌ಗೇ ಆಶ್ಚರ್ಯವಾಯಿತು.

"ನಗ್ಬೇಡ್ರೇ," ಅಂದಳು ಅತ್ತೆ. "ನಮ್ಮ ತಂಗಿ ಊರಲ್ಲಿ ಒಬ್ಬ ತನ್ನ ಹೆಸರಿನ ಮುದ್ರೆಯನ್ನೇ ಓಟಿನ ಮೇಲೆ ಗುದ್ದಿ ಬಂದಿದ್ನಂತೆ. ಸಾಯಂಕಾಲ ಎಣಿಸೋವಾಗ ಎತ್ತಿ ಹಿಡೀತಾರೆ, ಅಪ್ಪ ಅಮ್ಮ ಇಟ್ಟ ಹೆಸರು ಕೆಂಪಗೆ ಎದ್ದು ಕಾಣ್ತಾ ಇದೆ. ಹೆಂಡ್ತಿ ಹತ್ರ ಒಬ್ಬನಿಗೆ ಅಂದಿದ್ದ, ಒತ್ತಿದ್ದು ಇನ್ನೊಬ್ಬನಿಗೆ."

"ಆಮೇಲೆ?"

"ಆಮೇಲೇನು. ಈಗ ಅನ್ನ ಅವನೇ ಬೇಯಿಸ್ಕೋತಾನೆ."

ಶೆಡ್ಡು ನಗೆಯಿಂದ ತುಂಬಿತು. ಬೀಲಿಯೆನ್‌ಳ ಚೂರಿ ಚಿಪ್ಪಿನ ಅಂಚಿನಿಂದ ಜಾರಿ ಕೈಗವಸು ಹರಿಯಿತು. ರಕ್ತ ಬಂದಿತೋ ಇಲ್ಲವೋ ತಿಳಿಯಲಿಲ್ಲ. ನೀರು ಐಸಿನ ಹಾಗಿತ್ತು. ಮಧ್ಯಾಹ್ನ ಗಂಜಿಯ ಬಟ್ಟಲು ಮುಂದೆ ಬಂತು. ಎರಡು ಚಮಚ ತಿಂದು ಅದನ್ನು ಪಕ್ಕಕ್ಕೆ ಸರಿಸಿದಳು. ಎಣಿಕೆ ನೋಡಲು ಹೋಗಬಾರದು ಅಂದುಕೊಂಡಳು. ಹೋಗದಿದ್ದರೆ ಯಾರ ಮುಖದಿಂದ ಸುದ್ದಿ ತಿಳಿಯಬೇಕಾಗುತ್ತದೋ ಎಂದು ಯೋಚಿಸಿ, ಮತದಾನ ಮುಗಿಯುವ ಹೊತ್ತಿಗೆ ಎಲ್ಲರಿಗಿಂತ ಮುಂಚೆ ಶಾಲೆಯ ಬಾಗಿಲಲ್ಲಿದ್ದಳು.

"ಬಾ ಬಾ, ಅಪರೂಪಕ್ಕೆ ಬಂದಿದ್ದೀಯ," ಅಂದ ಶುಯಿವಾಂಗ್. ಅವನು ಎಂದಿನಂತೆ ಚಹಾದ ಫ್ಲಾಸ್ಕು ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. "ಮಗನ್ನ ಸೈನ್ಯಕ್ಕೆ ಕಳ್ಸಿದ್ಮೇಲೆ ದೇಶದ ಮೇಲೆ ಪ್ರೀತಿ ಬಂತು ನಿಂಗೆ."

ಅವಳು ನಕ್ಕು ಗೋಡೆಯ ಪಕ್ಕ ನಿಂತಳು.

ಪೆಟ್ಟಿಗೆ ಒಡೆದರು. ಬೇರೆ ಊರಿನಿಂದ ಬಂದ ಒಬ್ಬ ಹುಡುಗಿ ಟೀಚರು ಒಂದೊಂದೇ ಮತಪತ್ರವನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಹಿಡಿದು ಎಲ್ಲರಿಗೂ ತೋರಿಸಿ ಕೂಗುತ್ತಿದ್ದಳು. "ಎರಡನೇ ನಂಬರು, ಒಂದು ಓಟು." ಗೋಡೆಯ ಹಾಳೆಯ ಹತ್ತಿರ ನಿಂತವನು ಅದನ್ನೇ ತಿರುಗಿ ಹೇಳಿ ಒಂದು ಗೆರೆ ಎಳೆಯುತ್ತಿದ್ದ. ಐದು ಗೆರೆಗೆ ಲೆಕ್ಕದ ಒಂದು ಅಕ್ಷರ ಪೂರ್ತಿಯಾಗುತ್ತಿತ್ತು, ಅಂದರೆ ಐದು ಓಟು. ಎರಡನೇ ನಂಬರಿನ ಕೆಳಗೆ ಅಕ್ಷರಗಳು ಗದ್ದೆಯ ನಾಟಿಯ ಹಾಗೆ ಸಾಲುಸಾಲಾಗಿ ಬೆಳೆದವು. ನಡುನಡುವೆ, "ಒಂದನೇ ನಂಬರು, ಒಂದು ಓಟು." ಹಾಗೆ ಕೂಗಿದಾಗಲೆಲ್ಲ ಕೋಣೆಯಲ್ಲಿ ಕುರ್ಚಿಗಳು ಕಿರುಗುಟ್ಟುವ ಸದ್ದು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡಬಾರದು ಎಂಬ ಎಚ್ಚರ ಎಲ್ಲರಲ್ಲೂ ಇದ್ದಂತಿತ್ತು.

ಪ್ರತಿ ಒಂದನೇ ನಂಬರಿಗೂ ಬೀಲಿಯೆನ್, ಇದೇ ನನ್ನದು, ಸರಿಯಾಗಿಯೇ ಒತ್ತಿದ್ದೆ ಎಂದು ಉಸಿರು ಬಿಡುವಳು. ಮುಂದಿನ ಕಾಗದ ಬಿಚ್ಚುವಷ್ಟರಲ್ಲಿ ಆ ಉಸಿರನ್ನು ವಾಪಸು ಎಳೆದುಕೊಳ್ಳುವಳು.

ಒಂದು ಕಾಗದವನ್ನು ಬಿಚ್ಚಿದ ಟೀಚರು ಕೈ ಮೇಲೆತ್ತಲಿಲ್ಲ. ಕಣ್ಣಿನ ಹತ್ತಿರ ಹಿಡಿದು ನೋಡಿ ಮತಗಟ್ಟೆಯ ಅಧಿಕಾರಿಯನ್ನು ಕರೆದಳು. ಅಧಿಕಾರಿ ಎರಡೂ ಕಡೆಯ ಏಜೆಂಟರನ್ನು ಕರೆದ. ಒಂದನೇ ನಂಬರಿನವನ ಏಜೆಂಟು ಪಟ್ಟಣದಿಂದ ಬಂದ ಹುಡುಗ, ಊರಲ್ಲಿ ಯಾರ ಪರಿಚಯವೂ ಅವನಿಗಿರಲಿಲ್ಲ. ಇನ್ನೊಬ್ಬಳು ಯಿನ್‌ಹುವಾ. ಅವಳು ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ, ಅಥವಾ ಬೀಲಿಯೆನ್‌ಗೆ ಹಾಗನ್ನಿಸಿತು. ಎದ್ದಾಗಲೂ ಜನರತ್ತ ತಿರುಗಲಿಲ್ಲ.

"ಹೆಸರಿನ ಮುದ್ರೆ ಒತ್ತಿದೆ. ಅಸಿಂಧು," ಎಂದು ಅಧಿಕಾರಿ ಕಾಗದವನ್ನು ಎತ್ತಿ ತೋರಿಸಿದ. ಗೋಡೆಯ ಪಕ್ಕದಿಂದ ಅದೊಂದು ಕೆಂಪು ಚುಕ್ಕೆ. ಯಿನ್‌ಹುವಾಳ ಭುಜ ಅಡ್ಡ ಬಂದದ್ದರಿಂದ ಅದು ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅದು ಲಕೋಟೆ ಸೇರಿತು.

ಆ ಹೊತ್ತಿಗೆ ಶುಯಿವಾಂಗ್ ಫೋನು ಬಂತೆಂದು ಜಗಲಿಗೆ ಹೋಗಿದ್ದ. ಒಳಗೆ ಬಂದವನು, "ಏನದು?" ಅಂದ.

"ಯಾರೋ ತನ್ನ ಹೆಸರೇ ಒತ್ತಿದ್ದಾನಂತೆ," ಅಂದರು ಹಿಂದಿನಿಂದ.

"ಅಯ್ಯೋ ದಡ್ಡ. ಇಷ್ಟು ಸಲ ಹೇಳ್ಕೊಟ್ಟೆನಲ್ಲ."



ಕತ್ತಲಾದ ಮೇಲೆ ದೇಶದ ಎಣಿಕೆಯೂ ಮುಗಿಯಿತು. ಎರಡನೇ ನಂಬರಿನವನು ಗೆದ್ದ. ಗುಡಿಯ ಮುಂದೆ ಪಟಾಕಿ ಸರ ಹಚ್ಚಿದರು. ಹೊಗೆ ಬೀದಿಯುದ್ದಕ್ಕೂ ನುಗ್ಗಿ ಶೆಡ್ಡಿನ ಚಿಪ್ಪಿನ ರಾಶಿಯವರೆಗೂ ಬಂತು. ಪ್ರತಿ ಸದ್ದಿಗೂ ಬೀಲಿಯೆನ್‌ಗೆ ಹೊರದ್ವೀಪದ ನೆನಪು ಬರುತ್ತಿತ್ತು. ಅಲ್ಲಿ ಮಗ ಈಗ ಇಂಥದೇ ಸದ್ದು ಕೇಳಿದರೆ ನಗುತ್ತಾನೋ, ನೆಲಕ್ಕೆ ಬೀಳುತ್ತಾನೋ? ದೇಶದಲ್ಲಿ ಲಕ್ಷಗಟ್ಟಲೆ ಜನ ಅವಳ ಹಾಗೆಯೇ ಒತ್ತಿ ಸೋತಿದ್ದರು. ಅವರೆಲ್ಲ ಎಲ್ಲೋ ತಮ್ಮ ಮನೆಗಳಲ್ಲಿ ಕೂತು ಬೇಸರ ಪಡುತ್ತಿರಬೇಕು. ಬೇಸರ ಪಡುವಷ್ಟು ಪುರುಸೊತ್ತು ಅವರಿಗಿತ್ತಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ರಾತ್ರಿಯ ಊಟ ಭಾವನ ಮನೆಯಲ್ಲಿ. ದುಂಡು ಮೇಜಿನ ಸುತ್ತ ಮನೆಯವರು, ಚಿಯಾವೊ ಅತ್ತೆ, ಪಕ್ಷದ ಇಬ್ಬರು ಗೆಳೆಯರು. ಸಿಂಪಿ ಹಾಕಿದ ಮೊಟ್ಟೆದೋಸೆ, ಶುಂಠಿ ಹಾಕಿದ ಮೀನಿನ ಸಾರು, ಹುರಿದ ಶಾವಿಗೆ, ಜೋಳದ ಮದ್ಯ. ಶುಯಿವಾಂಗ್‌ನ ಕಿವಿಗಳು ಕೆಂಪಾಗಿದ್ದವು.

"ಎಲ್ಲ ಸರಿ, ಆದ್ರೆ ನಮ್ಮ ಬೂತಲ್ಲೇ ಮೂವತ್ತು ಚಿಲ್ಲರೆ ಓಟು ಅವನಿಗೆ ಬಿದ್ದಿದೆ," ಅಂದ. "ಯಾರಪ್ಪ ಈ ಮೂವತ್ತು ಜನ? ನನ್ನ ಮುಂದೆ ಎಲ್ರೂ ಹೂಂ ಅಂದವ್ರೇ."

"ದೆವ್ವಗಳು ಹಾಕಿರ್ತವೆ," ಅಂದಳು ಅತ್ತೆ. "ಪಟ್ಟೀಲಿ ಸತ್ತವರ ಹೆಸರು ಇನ್ನೂ ಇದಾವೆ."

ಜನ ನಕ್ಕರು. ಬೀಲಿಯೆನ್ ಮೇಜಿನ ಸುತ್ತ ಒಂದು ಸಲ ಕಣ್ಣಾಡಿಸಿದಳು. ಮೂವತ್ತು ಜನ. ಅವರಲ್ಲಿ ಇಲ್ಲಿ ಎಷ್ಟು ಮಂದಿ? ಅತ್ತೆಯೇ ಇರಬಹುದು. ಸಾರು ಬಡಿಸಿಕೊಳ್ಳುತ್ತಿರುವ ಆ ಗೆಳೆಯನೂ ಇರಬಹುದು. ಹೊಕ್‌ನ ತೆಪ್ಪವನ್ನು ದಡದಲ್ಲಿ ನಿಂತು ನೋಡಿದವರಲ್ಲೂ ಇಂಥವರು ಇದ್ದಿರಬಹುದು. ಒಬ್ಬರಿಗೊಬ್ಬರು ಕಣ್ಣು ಸೇರಿಸಲಾರದ ಮೂವತ್ತು ಜನ. ಹಾಗೆ ಯೋಚಿಸಿದಾಗ ಧೈರ್ಯ ಬರಬೇಕಿತ್ತು. ಬರಲಿಲ್ಲ.

"ಅದಿರ್ಲಿ." ಶುಯಿವಾಂಗ್ ಹೆಂಡತಿಯ ಕಡೆ ತಿರುಗಿದ. "ಆ ಮುದ್ರೆ ಒತ್ತಿದ ಬುದ್ಧಿವಂತ ಯಾರೇ? ನೀನು ಹತ್ರದಿಂದ ನೋಡಿದೆಯಲ್ಲ."

ಯಿನ್‌ಹುವಾ ಮೀನಿನ ಮುಳ್ಳು ಬಿಡಿಸುತ್ತಿದ್ದಳು. "ಹೇಳಬಾರದು. ಕಾನೂನು."

"ಕೇಳಿದ್ರೇನಪ್ಪ, ನನ್ನ ಹೆಂಡ್ತಿ ಒಂದೇ ದಿನದಲ್ಲಿ ಜಡ್ಜಾದ್ಲು. ಹೇಳೇ, ನಾಲ್ಕು ದಿನ ರೇಗ್ಸೋಣ ಅವನ್ನ."

"ಶಾಯಿ ಹರಡಿತ್ತು. ಲಿನ್ ಅನ್ನೋದಷ್ಟೇ ಕಂಡಿದ್ದು."

"ಈ ಊರಲ್ಲಿ ನಾಯಿ ಬಿಟ್ರೆ ಗಂಡಸರೆಲ್ಲ ಲಿನ್ ಕಣೇ."

ಬೀಲಿಯೆನ್‌ಳ ಕಿವಿಯಲ್ಲಿ ಬೆಳಗ್ಗೆಯಿಂದ ಮೊರೆಯುತ್ತಿದ್ದುದು ತಟ್ಟನೆ ನಿಂತಿತು. ಲಿನ್. ಅವಳು ಲಿನ್ ಅಲ್ಲ, ತ್ಸೈ. ಮದುವೆಯಾಗಿ ಬಂದ ಹೆಂಗಸರೆಲ್ಲ ಇಲ್ಲಿ ತವರಿನ ಮನೆತನದ ಹೆಸರಿನವರೇ. ಹಾಗಾದರೆ ಅದು ಅವಳ ಓಟಲ್ಲ. ಬೆಳಗ್ಗೆಯಿಂದ ಬೇರೆ ಯಾರದೋ ಪೆದ್ದತನಕ್ಕೆ ಅವಳು ಹೆದರಿ ಸಾಯುತ್ತಿದ್ದಳು. ಅವಳು ಒಂದು ತುಂಡು ಮೊಟ್ಟೆದೋಸೆ ಬಾಯಿಗಿಟ್ಟುಕೊಂಡಳು. ಉಪ್ಪು ತಿಳಿಯಿತು, ಸಿಹಿ ಗೊಜ್ಜು ತಿಳಿಯಿತು.

"ಯಾವ ನಂಬರಿನ ಮೇಲೆ ಒತ್ತಿದ್ದ?" ಶುಯಿವಾಂಗ್ ಕೇಳಿದ. ಈಗ ಅವನ ದನಿಯಲ್ಲಿ ನಗು ಸ್ವಲ್ಪ ಕಡಿಮೆ ಇತ್ತು.

ಯಿನ್‌ಹುವಾ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟಳು. ಇನ್ನೊಂದು ಮುಳ್ಳು ಹುಡುಕತೊಡಗಿದಳು.  ಮೇಜಿನ ಸುತ್ತ ಚಾಪ್‌ಸ್ಟಿಕ್ಕುಗಳು ಒಂದೊಂದಾಗಿ ನಿಂತವು.

"ನಂದೇ ಇರ್ಬೇಕು ಕಣಣ್ಣ," ಅಂದ ಜಿನ್‌ತು.

ಎಲ್ಲರೂ ಅವನತ್ತ ತಿರುಗಿದರು. ಅವನು ಗ್ಲಾಸು ನೋಡುತ್ತಿದ್ದ.

"ಒಳಗೆ ಹೋದಾಗ ಕೈಲಿ ನನ್ನ ಮುದ್ರೆ ಹಂಗೇ ಇತ್ತು. ಹೊರಗೆ ಬಂದ್ಮೇಲೆ ಅನುಮಾನ ಬಂತು. ಜೇಬಿಂದ ತೆಗೆದು ನೋಡ್ದೆ. ಕೆಂಪಗಿತ್ತು, ಆದ್ರೆ ಅದರಿಂದ ಏನು ಗೊತ್ತಾಗುತ್ತೆ. ಹೇಳೋಕೆ ನಾಚಿಕೆ ಆಯ್ತು."

ಬೀಲಿಯೆನ್ ಬಾಯಲ್ಲಿದ್ದುದನ್ನು ನುಂಗಲಿಲ್ಲ. ಇವು ಅವಳ ಯೋಚನೆಗಳು. ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಅವನು ಒಂದೂ ಬಿಡದೆ ಎಲ್ಲರ ಮುಂದೆ ಹರಡುತ್ತಿದ್ದ.

"ಯಾವುದಕ್ಕೋ ಒತ್ತಿದ್ದು?"

"ನಾನು ಯಾವುದಕ್ಕೆ ಒತ್ತೋದು? ಎರಡಕ್ಕೇ."

ಶುಯಿವಾಂಗ್ ತಮ್ಮನ ಮುಖವನ್ನೇ ನೋಡಿದ. ಚಿಕ್ಕಂದಿನಿಂದ ನೋಡಿದ ಮುಖ. ಆಮೇಲೆ ಹೆಂಡತಿಯನ್ನು ನೋಡಿದ. "ಹೌದೇನೇ?"

"ಹೂಂ," ಅಂದಳು ಯಿನ್‌ಹುವಾ. "ಎರಡೇ."

ಶುಯಿವಾಂಗ್ ಮೇಜು ಗುದ್ದಿ ನಕ್ಕ. "ಊರಿಗೆಲ್ಲ ಪಾಠ ಹೇಳ್ದೆ, ನನ್ನ ಒಡಹುಟ್ಟಿದವ್ನೇ ಫೇಲು. ಸುರೀರಪ್ಪ ಇವನಿಗೆ ಇನ್ನೊಂದು ಗ್ಲಾಸು. ಲೋ ಜಿನ್‌ತು, ಮದುವೆ ದಿನ ಉಂಗುರನಾದ್ರೂ ಸರಿಯಾದವಳಿಗೆ ಹಾಕಿದ್ಯಾ?"

"ಅದನ್ನೂ ನೋಡ್ಬೇಕು ಕಣಣ್ಣ."

ನಗೆ ಮೇಜನ್ನು ಮುಚ್ಚಿತು.

ಅಡುಗೆಮನೆಯಲ್ಲಿ ಯಿನ್‌ಹುವಾ ಪಾತ್ರೆ ತೊಳೆಯುತ್ತಿದ್ದಳು, ಬೀಲಿಯೆನ್ ಒರೆಸುತ್ತಿದ್ದಳು. ಗಂಡ ಯಾಕೆ ಹಾಗೆ ಹೇಳಿದ ಎನ್ನುವುದು ಬೀಲಿಯೆನ್‌ಗೆ ಬಗೆಹರಿದಿರಲಿಲ್ಲ. ಅದು ಲಿನ್ ಮುದ್ರೆಯಾದರೆ ನಿಜವಾಗಿಯೂ ಅವನದೇ ಇರಬಹುದೇ? ಹಾಗಿದ್ದರೆ ಒಳ್ಳೆಯದೇ. ಹಾಗೇ ಇರಲಿ.

ಯಿನ್‌ಹುವಾ ನಲ್ಲಿಯನ್ನು ಜೋರಾಗಿ ಬಿಟ್ಟಳು. ನೀರಿನ ಸದ್ದಿನ ಕೆಳಗೆ ಹೇಳಿದಳು, "ತ್ಸೈ ಅಂತ ಇತ್ತು."

ಬೀಲಿಯೆನ್‌ಳ ಕೈಯಲ್ಲಿದ್ದ ಬಟ್ಟೆ ತಟ್ಟೆಯ ಮೇಲೆ ನಿಂತಿತು.

"ಪೂರ್ತಿ ಹೆಸರು. ಅಚ್ಚು ಹಾಕಿದಂಗೆ. ಶಾಯಿ ಎಲ್ಲೂ ಹರಡಿರ್ಲಿಲ್ಲ."

"ಅಕ್ಕ…"

"ಪೋಯೆನ್‌ಗೋಸ್ಕರನಾ?"

ಬೀಲಿಯೆನ್ ಹೌದೆಂದು ತಲೆಯಾಡಿಸಿದಳು. ಯಿನ್‌ಹುವಾ ಒಂದೇ ಬಟ್ಟಲನ್ನು ತಿರುತಿರುಗಿಸಿ ತೊಳೆಯುತ್ತಿದ್ದಳು.  

"ನಿನ್ನ ಓಟು ಹೋಯ್ತು, ಗೊತ್ತಾಯ್ತಾ? ಲೆಕ್ಕಕ್ಕೆ ಬರ್ಲಿಲ್ಲ. ಅವನಿಗೂ ಸಿಗ್ಲಿಲ್ಲ, ಇವನಿಗೂ ಸಿಗ್ಲಿಲ್ಲ."

"ಗೊತ್ತು."

"ನಿನ್ನ ಭಾವನಿಗೆ ನಾನು ಸುಳ್ಳು ಹೇಳಿರೋದು ಇದೇ ಮೊದಲಲ್ಲ. ಎಲ್ಲರ ಮುಂದೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು ಇದೇ ಮೊದ್ಲು." ಅವಳು ನಲ್ಲಿ ನಿಲ್ಲಿಸಿದಳು, ಮತ್ತೆ ಬಿಟ್ಟಳು. "ಇನ್ನೊಂದ್ಸಲ ಕೇಳಿದ್ರೆ ನನ್ನ ಕೈಲಿ ಆಗಲ್ಲ ಬೀಲಿಯೆನ್. ಕೇಳದೆ ಇರೋ ಹಾಗೆ ನೋಡ್ಕೋ."

ಹೇಗೆ ನೋಡಿಕೊಳ್ಳುವುದು ಎಂದು ಬೀಲಿಯೆನ್ ಕೇಳಲಿಲ್ಲ. ಯಿನ್‌ಹುವಾಳಿಗೂ ಅದು ಗೊತ್ತಿದ್ದಂತೆ ಕಾಣಲಿಲ್ಲ. ಮುಂದೆ ಯಾವಾಗಲೋ ಒಂದು ದಿನ, ಇನ್ಯಾವುದೋ ಜಗಳದ ಬಿಸಿಯಲ್ಲಿ, ಕುಡಿದ ಅಮಲಿನಲ್ಲಿ, ಜ್ವರದಲ್ಲಿ ಕನವರಿಸುವಾಗ ಈ ಹೆಸರು ಹೊರಗೆ ಬೀಳಬಹುದು. ಹೆಸರು ಈಗ ಲಕೋಟೆಯೊಳಗಿರಲಿಲ್ಲ. ಬಾಯೊಂದರ ಒಳಗಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಜಿನ್‌ತು ಟಾರ್ಚು ಹಿಡಿದು ಒಂದು ಹೆಜ್ಜೆ ಮುಂದಿದ್ದ. ಸಮುದ್ರದ ಗಾಳಿ ಎದುರಿನಿಂದ ಬೀಸುತ್ತಿತ್ತು. ಚಿಪ್ಪಿನ ರಾಶಿ ದಾಟಿದ ಮೇಲೆ ಅವಳು ಬಾಯಿ ತೆರೆದಳು.

"ರೀ, ಬೆಳಗ್ಗೆ ನಾನು…"

"ಬೇಡ." ಅವನು ತಿರುಗಲಿಲ್ಲ. "ಹೇಳ್ಬೇಡ."

"ನಿಮಗೆ ಗೊತ್ತಾ?"

"ಏನೂ ಗೊತ್ತಿಲ್ಲ. ಗೊತ್ತಾದ್ರೆ ಮುಖದ ಮೇಲೆ ಬರುತ್ತೆ. ಅಣ್ಣ ನನ್ನ ಮುಖ ನೋಡ್ಕೊಂಡೇ ನನ್ನ ಸಾಕಿದವ್ನು." ಗಾಳಿಯಲ್ಲಿ ಅವನ ಮಾತು ತುಂಡುತುಂಡಾಗಿ ಬರುತ್ತಿತ್ತು. "ಈಗ ನನಗೆ ಗೊತ್ತಿರೋದು ಇಷ್ಟೇ, ನಾನು ಪೆದ್ದ ಅಂತ. ಅದನ್ನಾದ್ರೆ ಎಷ್ಟು ವರ್ಷ ಬೇಕಾದ್ರೂ ಇಟ್ಕೋಬಲ್ಲೆ. ಅದಕ್ಕಿಂತ ಜಾಸ್ತಿ ಕೊಡ್ಬೇಡ."

 ಟಾರ್ಚಿನ ಬೆಳಕು ಅವನ ಕಾಲಿನ ಮುಂದೆ ಅಲುಗುತ್ತಿತ್ತು. ಹಿಂದಿನಿಂದ ಅವನ ಕತ್ತು ಕಾಣುತ್ತಿತ್ತು. ಭುಜದೊಳಗೆ ಎಳೆದುಕೊಂಡ ಕತ್ತು, ಹೊಡೆತಕ್ಕೆ ಕಾಯುವವನ ಹಾಗೆ. ಅವನೂ ಹೆದರಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು.  ಅವನನ್ನು ಮುಟ್ಟಬೇಕು ಅನ್ನಿಸಿತು. ಮುಟ್ಟಿದರೆ ಅದೂ ಒಂದು ಮಾತಾದೀತು ಎಂದು ಕೈಯನ್ನು ಜೇಬಿನಲ್ಲೇ ಬಿಟ್ಟಳು. ರಾತ್ರಿ ಪಕ್ಕದಲ್ಲಿ ಮಲಗಿದಾಗ ಅವನು ಗೋಡೆಯ ಕಡೆ ತಿರುಗಿದ್ದ. ನಿದ್ದೆ ಬಂದವನ ಉಸಿರು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದು ಅಂಥ ಉಸಿರಾಗಿರಲಿಲ್ಲ.

ಬೆಳಗ್ಗೆ ಅವಳು ಶೆಡ್ಡಿಗೆ ಹೋದಾಗ ಹೆಂಗಸರೆಲ್ಲ ಬಂದಿದ್ದರು. ಅವಳ ಕುಳ್ಳುಮಣೆ ಅದರ ಜಾಗದಲ್ಲಿತ್ತು. ಪಕ್ಕದಲ್ಲಿ ಸಿಂಪಿಯ ಬುಟ್ಟಿಯೂ ಇತ್ತು. ಕೂರುವ ಮುಂಚೆ ಒಂದು ಕ್ಷಣ ಅದನ್ನು ನೋಡಿದಳು. ಯಿನ್‌ಹುವಾ ತಲೆಯೆತ್ತದೆ ಚೂರಿ ಆಡಿಸುತ್ತಿದ್ದಳು.

ಉಬ್ಬರ ಏರಿತ್ತು. ಶೆಡ್ಡಿನ ಎದುರಿನ ಕಟ್ಟೆಯಲ್ಲಿ ಶುಯಿವಾಂಗ್ ತೆಪ್ಪದ ಮೋಟಾರಿನ ಹತ್ತಿರ ನಿಂತಿದ್ದ. ಜಿನ್‌ತು ಹಗ್ಗ ಬಿಚ್ಚಲು ಬಗ್ಗಿದ್ದ.

"ಲೋ ಪೆದ್ದ, ನೋಡ್ಕೊಂಡು ಬಿಚ್ಚೋ," ಶುಯಿವಾಂಗ್ ಶೆಡ್ಡಿಗೆಲ್ಲ ಕೇಳುವಂತೆ ಕೂಗಿದ. "ಅದಕ್ಕೂ ನಿನ್ನ ಹೆಸರು ಒತ್ತಿಬಿಟ್ಟೀಯ. ಆಮೇಲೆ ತೆಪ್ಪ ಅಸಿಂಧು ಆಗುತ್ತೆ."

ಹೆಂಗಸರ ಸಾಲು ನಕ್ಕಿತು. ರಾತ್ರಿಯ ಕತೆ ಆಗಲೇ ಊರು ಸುತ್ತಿ ಬಂದಿತ್ತು.

"ಪಾಪ, ಮನೇಲಿ ಅನ್ನದ ತಟ್ಟೆಗೂ ಒತ್ತುತ್ತಾನೇನೇ ಬೀಲಿಯೆನ್?" ಅಂದಳು ಚಿಯಾವೊ ಅತ್ತೆ.

"ಒತ್ತುತ್ತಾರೆ ಅತ್ತೆ," ಅಂದಳು ಬೀಲಿಯೆನ್. "ದಿಂಬಿಗೂ ಒತ್ತುತ್ತಾರೆ. ಬೆಳಗ್ಗೆ ಎದ್ರೆ ನನ್ನ ಕೆನ್ನೆ ಮೇಲೂ ಇರುತ್ತೆ."

ನಗೆ ಎರಡರಷ್ಟಾಯಿತು. ಶುಯಿವಾಂಗ್ ಮೋಟಾರು ಬಿಟ್ಟು ಹೊಟ್ಟೆ ಹಿಡಿದುಕೊಂಡ. ಬೀಲಿಯೆನ್ ನಗುತ್ತಿದ್ದಳು. ತನ್ನ ನಗೆ ಎಲ್ಲರದಕ್ಕಿಂತ ಮೇಲೆ ಹೋಗುವುದು ಅವಳಿಗೇ ಕೇಳಿಸುತ್ತಿತ್ತು. ಕಟ್ಟೆಯ ಮೇಲೆ ಬಗ್ಗಿದ್ದ ಜಿನ್‌ತು ಹಗ್ಗ ಹಿಡಿದು ತಲೆಯೆತ್ತಿ ಅವಳನ್ನು ಒಂದು ಸಲ ನೋಡಿದ. ಆಮೇಲೆ ಅವನೂ ನಕ್ಕ.

"ನೋಡ್ರಪ್ಪ," ಅಂದ ಶುಯಿವಾಂಗ್, ಕಣ್ಣೊರೆಸಿಕೊಳ್ಳುತ್ತ. "ಮಗ ಸೈನ್ಯಕ್ಕೆ ಹೋದ್ಮೇಲೆ ಇವಳು ಹಿಂಗೆ ನಕ್ಕಿದ್ದನ್ನ ಇವತ್ತೇ ನೋಡಿದ್ದು ನಾನು."

ಯಿನ್‌ಹುವಾಳ ಚೂರಿ ನಿಂತಿತು. ಬೀಲಿಯೆನ್ ನಗುವನ್ನು ಎಲ್ಲಿ ನಿಲ್ಲಿಸಿದರೆ ಅನುಮಾನ ಬಾರದು ಎಂದು ಕಾಯುತ್ತ, ತೆಪ್ಪದ ಮೋಟಾರು ಶುರುವಾಗುವವರೆಗೂ ನಗುತ್ತಲೇ ಇದ್ದಳು.